ಸಹಿಗಳ ಬಾವುಟ ಮತ್ತು ಅದರ ವಾರಸುದಾರರು

ಎರಡನೆಯ ಮಹಾಯುದ್ಧಕ್ಕೆ ಹೊರಟ ಜಪಾನಿ ಸೈನಿಕನ ಬಳಿ, ಸೇನೆ ಕೊಟ್ಟ ಬಂದೂಕು, ಬುತ್ತಿಡಬ್ಬಿ, ಕಂಬಳಿಗಳಲ್ಲದೆ, ಸೇನೆಯ ಯಾವ ದಾಸ್ತಾನು ಪಟ್ಟಿಯಲ್ಲೂ ಸೇರದ ಒಂದು ತುಂಡು ಬಟ್ಟೆ ಸಾಮಾನ್ಯವಾಗಿ ಇರುತ್ತಿತ್ತು. ಬಿಳಿಯ ರೇಷ್ಮೆಯದೋ ಹತ್ತಿಯದೋ ಆಗಿದ್ದು, ನಡುವೆ ಕೆಂಪು ಸೂರ್ಯನನ್ನು ಹೊತ್ತಿದ್ದ ಆ ಬಟ್ಟೆ ಜಪಾನಿನ ರಾಷ್ಟ್ರಧ್ವಜವೇ ಆಗಿದ್ದರೂ, ಅದರ ಬಿಳಿ ಭಾಗವನ್ನೆಲ್ಲ ಕುಂಚದಿಂದ ಬರೆದ ಕಪ್ಪು ಶಾಯಿಯ ಹೆಸರುಗಳು ತುಂಬಿರುತ್ತಿದ್ದುದರಿಂದ, ಕಂಬಕ್ಕೆ ಏರಿಸುವ ಬಾವುಟಕ್ಕಿಂತ ಊರಿನವರೆಲ್ಲ ಸೇರಿ ಒಬ್ಬನಿಗೆ ಬರೆದ ಪತ್ರಕ್ಕೆ ಅದು ಹೆಚ್ಚು ಹತ್ತಿರವಾಗಿತ್ತು. ಇದನ್ನು ಜಪಾನಿ ಭಾಷೆಯಲ್ಲಿ ‘ಯೊಸೆಗಾಕಿ ಹಿನೊಮಾರು’ ಎನ್ನುತ್ತಾರೆ. ‘ಯೊಸೆಗಾಕಿ’ ಎಂದರೆ ಹಲವರು ಸೇರಿ ಒಂದೆಡೆ ಬರೆದದ್ದು, ‘ಹಿನೊಮಾರು’ ಎಂದರೆ ಸೂರ್ಯನ ವೃತ್ತ. ಯುದ್ಧ ಮುಗಿದು ಎಂಟು ದಶಕಗಳು ಕಳೆದ ಮೇಲೂ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ಕೆನಡಾಗಳ ಮನೆಗಳಲ್ಲಿ, ತೀರಿಕೊಂಡ ಅಜ್ಜನ ಟ್ರಂಕನ್ನು ತೆರೆದಾಗ, ಇಂಥ ಬಾವುಟಗಳು ಸಿಗುತ್ತಲೇ ಇವೆ. ಅವುಗಳ ಮೂಲ ಒಡೆಯನ ವಂಶದವರನ್ನು ಹುಡುಕಿ ಮರಳಿಸುವ ಕೆಲಸವೂ ನಡೆಯುತ್ತಿದೆ.

ಬಾವುಟ ಸಿದ್ಧವಾಗುತ್ತಿದ್ದ ಕ್ರಮವನ್ನು ತಿಳಿಯದೆ ಅದು ಮರಳುವ ದಾರಿ ಅರ್ಥವಾಗುವುದಿಲ್ಲ. ಸೇನೆಗೆ ಸೇರಬೇಕೆಂಬ ಆದೇಶವು ಕೆಂಪು ಬಣ್ಣದ ಕಾಗದದಲ್ಲಿ ಬರುತ್ತಿದ್ದುದರಿಂದ ಅದಕ್ಕೆ ‘ಅಕಗಾಮಿ’, ಅಂದರೆ ಕೆಂಪು ಕಾಗದ, ಎಂಬ ಹೆಸರೇ ಬಿದ್ದಿತ್ತು. ಅದು ಬಂದ ಮನೆಯಲ್ಲಿ ಹುಡುಗ ಹೊರಡುವುದರೊಳಗೆ ತಂದೆತಾಯಿ, ಒಡಹುಟ್ಟಿದವರು, ನೆರೆಹೊರೆಯವರು, ಓದಿಸಿದ ಮೇಷ್ಟ್ರು, ಜೊತೆಯಲ್ಲಿ ಕೆಲಸ ಮಾಡಿದವರು ಬಾವುಟದ ಮೇಲೆ ತಮ್ಮ ತಮ್ಮ ಹೆಸರು ಬರೆಯುತ್ತಿದ್ದರು. ಸೂರ್ಯನ ಸುತ್ತ ಕಿರಣಗಳಂತೆ ಹರಡಿದ ಆ ಸಹಿಗಳ ಮೇಲ್ಗಡೆ ‘ಬುಉನ್ ಚೋಕ್ಯು’ ಎಂಬ ನಾಲ್ಕು ದಪ್ಪ ಅಕ್ಷರಗಳು, ಅಂದರೆ ಯುದ್ಧದಲ್ಲಿ ಅದೃಷ್ಟವು ಬಹುಕಾಲ ಜೊತೆಗಿರಲಿ ಎಂಬ ಹಾರೈಕೆ, ಸಾಮಾನ್ಯವಾಗಿ ಇರುತ್ತಿದ್ದವು. ಒಂದು ಅಂಚಿನಲ್ಲಿ ಹೊರಡುವವನ ಹೆಸರನ್ನು ‘ಕುನ್’ ಎಂಬ, ಕಿರಿಯರನ್ನು ಸಲುಗೆಯಿಂದ ಕರೆಯುವ ಪ್ರತ್ಯಯ ಸೇರಿಸಿ ಬರೆದು, ಕೆಲವೊಮ್ಮೆ ಊರಿನ ಶಿಂಟೊ ದೇವಾಲಯದ ಕೆಂಪು ಮುದ್ರೆಯನ್ನೂ ಒತ್ತಿಸುತ್ತಿದ್ದರು. ಇದರ ಜೊತೆಗೆ ‘ಸೆನ್ನಿನ್‌ಬರಿ’ ಎಂಬ ಸೊಂಟಪಟ್ಟಿಯೂ ಇರುತ್ತಿತ್ತು. ಸಾವಿರ ಹೆಂಗಸರು ಒಬ್ಬೊಬ್ಬರು ಒಂದೊಂದು ಗಂಟಿನಂತೆ ಹೊಲಿದ ಈ ಪಟ್ಟಿಗೆ, ಹುಲಿ ವರ್ಷದಲ್ಲಿ ಹುಟ್ಟಿದ ಹೆಂಗಸಾದರೆ ತನ್ನ ವಯಸ್ಸಿನಷ್ಟು ಗಂಟು ಹಾಕಬಹುದಾಗಿತ್ತು, ಏಕೆಂದರೆ ಹುಲಿ ಸಾವಿರ ಹರಿದಾರಿ ಹೋದರೂ ತಿರುಗಿ ಬರುತ್ತದೆಂಬ ನಂಬಿಕೆ ಆ ನಾಡಿನದು. ವೀರಮರಣವನ್ನು ಬಾಯಿತುಂಬ ಹೊಗಳುತ್ತಿದ್ದ ಸರ್ಕಾರದ ಕಣ್ಣೆದುರೇ ತಾಯಂದಿರು, ಮಗ ತಿರುಗಿ ಬರಲೆಂಬ ಆಸೆಯನ್ನು ಹೀಗೆ ದಾರದ ಗಂಟಿನಲ್ಲಿ ಅಡಗಿಸಿದ್ದರು.

ಸೈನಿಕನು ಬಾವುಟವನ್ನು ಮಡಿಚಿ ಅಂಗಿಯ ಒಳಗೋ ಶಿರಸ್ತ್ರಾಣದ ಒಳಗೋ ಇಟ್ಟುಕೊಳ್ಳುತ್ತಿದ್ದನು. ಅವನು ಸತ್ತಾಗ ಎದುರು ಪಡೆಯವರು ಮೊದಲು ಹುಡುಕುತ್ತಿದ್ದುದೂ ಅದನ್ನೇ, ಏಕೆಂದರೆ ಹಗುರವಾದ, ಮಡಿಚಿದರೆ ಜೇಬಿನಲ್ಲಿ ಹಿಡಿಯುವ, ಶತ್ರುವಿನ ಗುರುತು ಎದ್ದು ಕಾಣುವ ಆ ಬಟ್ಟೆ ಯುದ್ಧದ ನೆನಪಿಗೆ ಮನೆಗೊಯ್ಯಲು ಬಹಳ ತಕ್ಕದ್ದಾಗಿತ್ತು. ಶತ್ರುವಿನಿಂದ ಸಿಕ್ಕ ಬರಹವನ್ನೆಲ್ಲ ಗುಪ್ತಚರ ವಿಭಾಗಕ್ಕೆ ಒಪ್ಪಿಸಬೇಕೆಂಬ ನಿಯಮವಿದ್ದರೂ, ಅಲ್ಲಿನ ಭಾಷಾಂತರಕಾರರು ನೋಡಿ ಮುಗಿಸಿದ ಮೇಲೆ ಬಾವುಟವು ಸಿಕ್ಕವನಿಗೇ ಮರಳುತ್ತಿದ್ದುದುಂಟು. ಸೈನಿಕರ ನಡುವೆ ಅದರ ಮಾರಾಟ, ವಿನಿಮಯಗಳೂ ಧಾರಾಳವಾಗಿ ನಡೆಯುತ್ತಿದ್ದವು. ಹೀಗೆ ಕಡಲು ದಾಟಿದ ಬಾವುಟ ಕೆಲವು ಮನೆಗಳಲ್ಲಿ ಗೋಡೆಯ ಮೇಲೆ ಗಾಜಿನ ಚೌಕಟ್ಟು ಸೇರಿತು, ಬಹಳ ಮನೆಗಳಲ್ಲಿ ಯಾರ ಕಣ್ಣಿಗೂ ಬೀಳದೆ ಪೆಟ್ಟಿಗೆಯ ತಳ ಸೇರಿತು, ಮತ್ತು ಅಜ್ಜ ತೀರಿದ ಮೇಲೆ ಮಗನಿಗೆ, ಮಗನಿಂದ ಮೊಮ್ಮಗಳಿಗೆ ದಾಟಿ, ಆ ಮನೆಯ ಪಿತ್ರಾರ್ಜಿತವೂ ಆಗಿಬಿಟ್ಟಿತು. ಒಂದೇ ಬಟ್ಟೆ ಎರಡು ಮನೆತನಗಳ ಸ್ವತ್ತಾಗಿದ್ದು, ಒಂದು ಮನೆತನಕ್ಕೆ ಅದು ಇದೆಯೆಂಬುದೇ ತಿಳಿಯದ, ಇನ್ನೊಂದಕ್ಕೆ ಅದರಲ್ಲಿ ಏನು ಬರೆದಿದೆಯೆಂಬುದೇ ತಿಳಿಯದ ಈ ಸ್ಥಿತಿ ವಿಚಿತ್ರವಾದದ್ದು.

ಇದು ಯಾರ ಸ್ವತ್ತು ಎಂಬ ಪ್ರಶ್ನೆಗೆ ಯುದ್ಧದ ಕಾನೂನು ತಕ್ಕಮಟ್ಟಿಗೆ ಸ್ಪಷ್ಟ ಉತ್ತರವನ್ನೇ ಕೊಡುತ್ತದೆ. ಗಾಯಾಳುಗಳಿಗೆ ಸಂಬಂಧಿಸಿದ 1929ರ ಜಿನೀವಾ ಒಪ್ಪಂದದ 4ನೆಯ ವಿಧಿಯ ಪ್ರಕಾರ ಯುದ್ಧಭೂಮಿಯಲ್ಲಿ ಅಥವಾ ಸತ್ತವರ ಮೈಮೇಲೆ ಸಿಕ್ಕ ಖಾಸಗಿ ವಸ್ತುಗಳನ್ನು ಉಭಯ ಪಕ್ಷಗಳೂ ಸಂಗ್ರಹಿಸಿ ಪರಸ್ಪರ ಕಳಿಸಿಕೊಡಬೇಕು; 1949ರ ಒಪ್ಪಂದ ಇದನ್ನು ಇನ್ನಷ್ಟು ಬಿಡಿಸಿ, ಹಣದ ಬೆಲೆಯುಳ್ಳವನ್ನಷ್ಟೇ ಅಲ್ಲದೆ ಭಾವನೆಯ ಬೆಲೆಯುಳ್ಳವನ್ನೂ ಸೇರಿಸಿತು. ಬಾವುಟವೆಂದ ಮೇಲೆ ಅದು ಗೆದ್ದವನಿಗೆ ಸಲ್ಲುವ ಯುದ್ಧಚಿಹ್ನೆಯಲ್ಲವೇ ಎಂದು ವಾದಿಸುವವರುಂಟು. ಆದರೆ ಯುದ್ಧಚಿಹ್ನೆ ಎನ್ನಿಸಿಕೊಳ್ಳುವ ಬಾವುಟ ಬೇರೆಯೇ ಇತ್ತು. ಜಪಾನಿ ಪದಾತಿ ರೆಜಿಮೆಂಟಿಗೆ ಚಕ್ರವರ್ತಿಯಿಂದ ದೊರೆಯುತ್ತಿದ್ದ ಆ ಧ್ವಜ ಶತ್ರುವಿನ ಕೈಗೆ ಬೀಳುವುದು ಸಾವಿಗಿಂತ ಹೀನವೆಂದು ಬಗೆದು, ಸೋಲು ಖಚಿತವಾದಾಗ ಅದನ್ನು ಸುಟ್ಟುಬಿಡುತ್ತಿದ್ದರು. ಮೇಷ್ಟ್ರೂ ಚಿಕ್ಕಪ್ಪನೂ ಸಹಿ ಹಾಕಿದ ಬಟ್ಟೆಯನ್ನು ಆ ಸಾಲಿಗೆ ಸೇರಿಸಲು ಬರುವುದಿಲ್ಲ. ಅದು ಸತ್ತವನ ಜೇಬಿನಲ್ಲಿದ್ದ ಕಾಗದಪತ್ರದ ಜಾತಿಗೇ ಸೇರುತ್ತದೆ. ಹಾಗೆಂದು ಕಾನೂನಿನ ಹೆಸರಿನಲ್ಲಿ ಈ ಬಾವುಟಗಳನ್ನು ಯಾರೂ ವಸೂಲು ಮಾಡುತ್ತಿಲ್ಲ. ಇಂದಿಗೂ ಹರಾಜು ತಾಣಗಳಲ್ಲಿ ಅವು ಬಹಿರಂಗವಾಗಿ ಬಿಕರಿಯಾಗುತ್ತಿವೆ, ಮರಳುವವು ಮರಳುತ್ತಿರುವುದು ಇಟ್ಟುಕೊಂಡವರ ಮನಸ್ಸಿನಿಂದ ಮಾತ್ರ.

ಜಪಾನಿನ ಮನೆಗಳಿಗೆ ಈ ಬಟ್ಟೆ ಏಕೆ ಅಷ್ಟು ದೊಡ್ಡದು ಎಂಬುದಕ್ಕೆ ಕಾರಣ ಒಂದು ಮರದ ಪೆಟ್ಟಿಗೆಯಲ್ಲಿದೆ. ಆ ಯುದ್ಧದಲ್ಲಿ ಮುಖ್ಯ ದ್ವೀಪಗಳ ಹೊರಗೆ ಸತ್ತ ಜಪಾನೀಯರು ಸುಮಾರು 24 ಲಕ್ಷ ಮಂದಿಯೆಂದು ಅಲ್ಲಿನ ಸರ್ಕಾರ ಲೆಕ್ಕ ಹಾಕಿದೆ. ಅವರಲ್ಲಿ 11 ಲಕ್ಷಕ್ಕೂ ಹೆಚ್ಚು ಜನರ ಅಸ್ಥಿ ಇಂದಿಗೂ ಊರಿಗೆ ಬಂದಿಲ್ಲ, ಕಾಡಿನಲ್ಲಿ, ಗುಹೆಗಳಲ್ಲಿ, ಮುಳುಗಿದ ಹಡಗುಗಳಲ್ಲಿ ಉಳಿದಿದೆ. ಅಸ್ಥಿ ಸಿಗದ ಮನೆಗಳಿಗೆ ಅಧಿಕಾರಿಗಳು ಬಿಳಿಯ ಬಟ್ಟೆ ಸುತ್ತಿದ ಮರದ ಪೆಟ್ಟಿಗೆಯನ್ನು ಒಪ್ಪಿಸುತ್ತಿದ್ದರು. ಒಳಗೆ ನಾಲ್ಕು ಬೆಣಚುಕಲ್ಲುಗಳೋ, ಒಂದು ಹಿಡಿ ಮರಳೋ, ಸತ್ತವನ ಹೆಸರು ಬರೆದ ಚೀಟಿಯೋ ಇರುತ್ತಿತ್ತು. ಸಾಮಾನ್ಯ ಸೈನಿಕನ ಗುರುತಿನ ಲೋಹದ ಬಿಲ್ಲೆಯ ಮೇಲೆ ತುಕಡಿಯ ಸಂಖ್ಯೆ, ಅವನ ಕ್ರಮಸಂಖ್ಯೆಗಳಲ್ಲದೆ ಹೆಸರು ಇರುತ್ತಿರಲಿಲ್ಲವಾದ್ದರಿಂದ, ಎಲ್ಲಿಯೋ ಸಿಕ್ಕ ಅಸ್ಥಿ ಯಾರದೆಂದು ಹೇಳಲು ಆ ಬಿಲ್ಲೆಯೂ ಒದಗುವುದಿಲ್ಲ. ಹೀಗಿರುವಾಗ ಅವನ ಹೆಸರನ್ನೇ ಹೊತ್ತ, ಅವನ ಎದೆಗೆ ಒತ್ತಿಕೊಂಡಿದ್ದ, ಕೆಲವೊಮ್ಮೆ ಅವನ ರಕ್ತದ ಕಲೆಯೂ ಉಳಿದಿರುವ ಬಟ್ಟೆ ಮನೆಗೆ ಬಂದಾಗ ಕುಟುಂಬದವರು ಅದನ್ನು ಅವನೇ ಬಂದಂತೆ ಬರಮಾಡಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಮರಳಿಸುವ ಕೆಲಸಕ್ಕೆ ಹೆಚ್ಚು ಹೆಸರಾದ ಸಂಸ್ಥೆ ಅಮೆರಿಕದ ಆರೆಗಾನ್ ರಾಜ್ಯದ ಆಸ್ಟೋರಿಯಾ ಎಂಬ ಊರಿನ ಓಬೊನ್ ಸೊಸೈಟಿ. ಬರ್ಮಾದಲ್ಲಿ ಮಡಿದ ಜಪಾನಿ ಸೈನಿಕನೊಬ್ಬನ ಬಾವುಟವು 2007ರಲ್ಲಿ ಕೆನಡಾದಿಂದ ಅವನ ಕುಟುಂಬವನ್ನು ತಲುಪಿತು. ಆ ಸೈನಿಕನ ಮೊಮ್ಮಗಳು ಕೇಕೊ ಝಿಯಾಕ್ ಮತ್ತು ಅವರ ಪತಿ, ಇತಿಹಾಸಕಾರ ರೆಕ್ಸ್ ಝಿಯಾಕ್, ಇದು ಇತರ ಮನೆಗಳಿಗೂ ಆಗಬೇಕೆಂದು 2009ರಲ್ಲಿ ಆರಂಭಿಸಿದ ಈ ಕೆಲಸದಲ್ಲಿ ಈವರೆಗೆ ಐದು ನೂರಕ್ಕೂ ಹೆಚ್ಚು ಕುಟುಂಬಗಳಿಗೆ ವಸ್ತುಗಳು ಮರಳಿವೆ, ಯಾವ ಕಡೆಯಿಂದಲೂ ಶುಲ್ಕ ಪಡೆಯದೆ. ಸಂಸ್ಥೆಯ ಹೆಸರಿನ ಓಬೊನ್ ಎಂಬುದು ಜಪಾನಿನ ಹಬ್ಬ. ಬಹುಪಾಲು ಪ್ರದೇಶಗಳಲ್ಲಿ ಆಗಸ್ಟ್ ನಡುವೆ ಬರುವ ಆ ದಿನಗಳಲ್ಲಿ ಸತ್ತ ಹಿರಿಯರು ಮನೆಗೆ ಬಂದು ಹೋಗುತ್ತಾರೆಂದು ನಂಬಿ, ಬರುವಾಗ ಬಾಗಿಲಲ್ಲಿ ಬೆಂಕಿ ಹಚ್ಚಿ ಕರೆದು, ಎಡೆಯಿಟ್ಟು, ಹೋಗುವಾಗ ಮತ್ತೆ ಬೆಳಕು ತೋರಿ ಕಳಿಸಿಕೊಡುತ್ತಾರೆ. ಕನ್ನಡ ನಾಡಿನ ಮಹಾಲಯ ಅಮಾವಾಸ್ಯೆಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸಂಬಂಧ ಬರಿಯ ಹೋಲಿಕೆಯದೂ ಅಲ್ಲ: ಆ ಹಬ್ಬದ ಪೂರ್ಣ ಹೆಸರಾದ ‘ಉರಬೊನ್’ ಸಂಸ್ಕೃತದ ‘ಉಲ್ಲಂಬನ’ದಿಂದ ಬಂದದ್ದೆಂದು ಬೌದ್ಧ ಪರಂಪರೆ ಹೇಳುತ್ತದೆ, ಮತ್ತು ಅದರ ಮೂಲ ಕಥೆ ಪ್ರೇತಲೋಕದಲ್ಲಿ ಹಸಿದಿದ್ದ ತಾಯಿಯನ್ನು ಬಿಡಿಸಿದ ಬುದ್ಧಶಿಷ್ಯ ಮೌದ್ಗಲ್ಯಾಯನನದು.

ಹುಡುಕಾಟದ ವಿಧಾನ ಶಾಸನ ಓದುವ ಕೆಲಸವನ್ನು ನೆನಪಿಸುತ್ತದೆ. ಬಾವುಟದಲ್ಲಿ ಹೆಸರುಗಳು ನೂರಿದ್ದರೂ ಊರಿನ ಹೆಸರು ಇರುವುದೇ ಅಪರೂಪ, ಏಕೆಂದರೆ ಬರೆದವರೆಲ್ಲ ಒಂದೇ ಊರಿನವರಾಗಿದ್ದು, ಅದನ್ನು ಬರೆಯಬೇಕೆಂದು ಯಾರಿಗೂ ತೋಚಿರಲಿಲ್ಲ. ಕುಂಚದ ಓಡುಬರಹವನ್ನು ಇಂದಿನ ಜಪಾನಿ ಯುವಕರು ಓದಲಾರರು; ಯುದ್ಧಾನಂತರ 1946ರಿಂದ ನಡೆದ ಲಿಪಿ ಸುಧಾರಣೆಯಲ್ಲಿ ಅನೇಕ ಅಕ್ಷರಗಳ ರೂಪವೇ ಬದಲಾದದ್ದರಿಂದ ಹಳೆಯ ರೂಪಗಳನ್ನು ಬಲ್ಲ ಹಿರಿಯರನ್ನೇ ಆಶ್ರಯಿಸಬೇಕಾಗುತ್ತದೆ. ಓದಿದ ಮೇಲೂ ಕಷ್ಟ ಮುಗಿಯುವುದಿಲ್ಲ, ಏಕೆಂದರೆ ಚೀನೀ ಮೂಲದ ಅದೇ ಅಕ್ಷರಗಳನ್ನು ಹೆಸರಿನಲ್ಲಿ ಎರಡು ಮೂರು ಬಗೆಯಾಗಿ ಉಚ್ಚರಿಸುವ ರೂಢಿ ಆ ಭಾಷೆಯಲ್ಲಿದೆ. ನಿಜವಾದ ಸುಳಿವು ಸಿಗುವುದು ಎರಡು ಕಡೆ: ಒಂದು, ದೇವಾಲಯದ ಮುದ್ರೆ, ಶಾಲೆಯ ಅಥವಾ ಕಾರ್ಖಾನೆಯ ಹೆಸರಿನಂಥ, ಯಾರೋ ಅಕಸ್ಮಾತ್ತಾಗಿ ಸೇರಿಸಿದ ಒಂದು ಪದ, ಇನ್ನೊಂದು, ಮನೆತನದ ಹೆಸರುಗಳ ಗುಂಪು. ಸತೋ, ಸುಝುಕಿ ಎಂಬವು ದೇಶದ ಉದ್ದಗಲಕ್ಕೂ ಇರುವ ಹೆಸರುಗಳಾದ್ದರಿಂದ ಅವುಗಳಿಂದ ಏನೂ ತಿಳಿಯದು, ಆದರೆ ಒಂದೇ ಕಣಿವೆಯಲ್ಲಿ ಮಾತ್ರ ಕಾಣುವ ಅಪರೂಪದ ಮನೆತನದ ಹೆಸರೊಂದು ಹತ್ತು ಸಲ ಬಂದಿದ್ದರೆ, ಅಂಚೆ ವಿಳಾಸವೇ ಸಿಕ್ಕಂತೆ.

ಆದರೆ ಆ ವಿಳಾಸದ ಊರು ಇಂದು ನಕ್ಷೆಯಲ್ಲಿ ಇಲ್ಲದಿರಬಹುದು. ಜಪಾನಿನಲ್ಲಿ 1953ರಲ್ಲಿ 9,868 ಇದ್ದ ನಗರ, ಪಟ್ಟಣ, ಹಳ್ಳಿಗಳ ಆಡಳಿತ ಘಟಕಗಳು 1961ರ ಹೊತ್ತಿಗೆ 3,472ಕ್ಕೆ ಇಳಿದವು. 1999ರಲ್ಲಿ ಆರಂಭವಾದ ಇನ್ನೊಂದು ಸುತ್ತಿನ ವಿಲೀನದಲ್ಲಿ 2010ರ ವೇಳೆಗೆ 1,727 ಮಾತ್ರ ಉಳಿದವು. ಊರು ಖಚಿತವಾದ ಮೇಲೆ ಬರುವುದು ‘ಕೊಸೆಕಿ’, ಅಂದರೆ ಪ್ರತಿ ಕುಟುಂಬದ ಹುಟ್ಟು, ಮದುವೆ, ಸಾವುಗಳನ್ನು ಸ್ಥಳೀಯ ಕಚೇರಿಯಲ್ಲಿ ಬರೆದಿಡುವ ಕುಟುಂಬ ದಾಖಲೆ. ವೈಮಾನಿಕ ದಾಳಿಗಳಲ್ಲಿ ಕೆಲವು ಊರುಗಳ ಕೊಸೆಕಿ ಸುಟ್ಟುಹೋಗಿವೆ; ಉಳಿದವನ್ನು ಹೊರಗಿನವರು ತೆರೆದು ನೋಡಲು ಖಾಸಗಿತನದ ಕಾನೂನು ಬಿಡುವುದಿಲ್ಲ. ಆದ್ದರಿಂದ ಶೋಧಕರು ಆರೋಗ್ಯ, ಕಾರ್ಮಿಕ ಮತ್ತು ಕಲ್ಯಾಣ ಸಚಿವಾಲಯವನ್ನೋ, ಯುದ್ಧದಲ್ಲಿ ಮಡಿದವರ ಕುಟುಂಬಗಳ ಸಂಘವನ್ನೋ, ಊರಿನ ಅರ್ಚಕರನ್ನೋ ಕೇಳಿಕೊಂಡು, ಅವರ ಮೂಲಕ ಕುಟುಂಬಕ್ಕೆ ಸುದ್ದಿ ಮುಟ್ಟಿಸಿ ಒಪ್ಪಿಗೆಗೆ ಕಾಯುತ್ತಾರೆ. ಈ ಸುತ್ತುದಾರಿ ತಡವಾದದ್ದು ನಿಜವಾದರೂ ಅದೇ ಸರಿಯೆನ್ನಬೇಕು. ಎಂಬತ್ತು ವರ್ಷ ಹಳೆಯ ಸಾವೊಂದರ ಗುರುತನ್ನು ಹಿಡಿದು ಅಪರಿಚಿತರು ಹೇಳದೆ ಕೇಳದೆ ಬಾಗಿಲು ತಟ್ಟುವುದು ಯಾವ ಮನೆಗೂ ಹಿತವಲ್ಲ.

ಗಿಫು ಪ್ರಾಂತದ ಹಿಗಾಶಿ ಶಿರಕಾವ ಎಂಬ, ಚಹಾ ಬೆಳೆಯುವ ಬೆಟ್ಟದ ಹಳ್ಳಿಗೆ 2017ರ ಆಗಸ್ಟ್ 15ರಂದು, ಜಪಾನ್ ಸೋತ 72ನೆಯ ವಾರ್ಷಿಕ ದಿನದಂದೇ, ಮರಳಿದ ಬಾವುಟ ಈ ಎಲ್ಲ ಎಳೆಗಳನ್ನೂ ಒಟ್ಟಿಗೆ ತೋರಿಸುತ್ತದೆ. ಅದನ್ನು ತಂದವರು ಅಮೆರಿಕದ ಮೊಂಟಾನಾ ರಾಜ್ಯದ 93 ವರ್ಷದ ಮಾಜಿ ಸೈನಿಕ. 1944ರಲ್ಲಿ ಸೈಪಾನ್ ದ್ವೀಪದ ಕದನದಲ್ಲಿ ತಮ್ಮ ತುಕಡಿಯಿಂದ ಹಿಂದುಳಿದಿದ್ದ ಅವರಿಗೆ, ಮಗ್ಗುಲಾಗಿ ಮಲಗಿ ನಿದ್ರಿಸುತ್ತಿರುವಂತೆ ಕಂಡ ಜಪಾನಿ ಸೈನಿಕನ ಶವ ಎದುರಾಗಿತ್ತು, ಅಂಗಿಯ ಸಂದಿನಿಂದ ಬಿಳಿಯ ಅಂಚು ಇಣುಕುತ್ತಿತ್ತು. ಮೊದಲು ಹಿಂಜರಿದು ಆಮೇಲೆ ಎತ್ತಿಕೊಂಡ ಆ ಬಾವುಟ ದಶಕಗಳ ಕಾಲ ಅವರ ಮನೆಯ ಗಾಜಿನ ಕಪಾಟಿನಲ್ಲಿತ್ತು, ಅದರ ಮೇಲಿನ ಸುಮಾರು 180 ಸಹಿಗಳ ಒಂದಕ್ಷರವೂ ಅವರಿಗೆ ತಿಳಿದಿರಲಿಲ್ಲ. ಆ ಸಹಿಗಳೇ ಓಬೊನ್ ಸೊಸೈಟಿಯನ್ನು ಎರಡು ಸಾವಿರ ಚಿಲ್ಲರೆ ಜನಸಂಖ್ಯೆಯ ಆ ಹಳ್ಳಿಗೆ ಕರೆದೊಯ್ದವು. ಅಲ್ಲಿ ಬಾವುಟವನ್ನು ತೆಗೆದುಕೊಂಡವರು ಸತ್ತವನ 89 ವರ್ಷದ ತಮ್ಮ. ಅವರು ಅದನ್ನು ಮುಖಕ್ಕೆ ಒತ್ತಿಕೊಂಡು ಮೂಸಿ ನೋಡಿದರು. ಯುದ್ಧದ ಕೊನೆಯಲ್ಲಿ ಆ ಮನೆಗೆ ಬಂದದ್ದು ಕೆಲವು ಕಲ್ಲುಗಳಿದ್ದ ಪೆಟ್ಟಿಗೆ, ಜೊತೆಗೆ ಮರಿಯಾನಾ ದ್ವೀಪಗಳಲ್ಲಿ ಎಲ್ಲಿಯೋ ಸತ್ತನೆಂಬ ಅಸ್ಪಷ್ಟ ಸುದ್ದಿ. ಸತ್ತದ್ದು ಯಾವ ಜಾಗದಲ್ಲಿ, ಶವ ಹೇಗೆ ಮಲಗಿತ್ತು, ಮೈಮೇಲೆ ಗಾಯ ಕಾಣಲಿಲ್ಲವೆಂಬ ಮಾತುಗಳನ್ನು ಅವರಿಗೆ ಹೇಳಬಲ್ಲವರು ಭೂಮಿಯ ಮೇಲೆ ಒಬ್ಬರೇ ಉಳಿದಿದ್ದರು, ಅವರು ಎದುರಿಗೆ ಬಂದು ಕುಳಿತಿದ್ದರು. ಇಂಥ ಭೇಟಿಯಲ್ಲಿ ಬಟ್ಟೆಗಿಂತ ಈ ಮಾತೇ ದೊಡ್ಡದೆಂದು ತೋರುತ್ತದೆ; ಸಾಕ್ಷಿ ಹೇಳಬಲ್ಲವರು ತೀರಿಕೊಂಡ ಮೇಲೆ ಮೊಮ್ಮಕ್ಕಳು ಅಂಚೆಯಲ್ಲಿ ಕಳಿಸುವ ಬಾವುಟಗಳಲ್ಲಿ ಅದು ಇರುವುದಿಲ್ಲ.

ವಂಶಜರೆಂದರೆ ಯಾರು ಎಂಬುದೂ ಇಲ್ಲಿ ಸರಳವಲ್ಲ. ಮಡಿದವರಲ್ಲಿ ಬಹುಮಂದಿ ಮದುವೆಯಾಗದ ಇಪ್ಪತ್ತು, ಇಪ್ಪತ್ತೈದರ ಹುಡುಗರಾದ್ದರಿಂದ ಅವರಿಗೆ ನೇರ ಸಂತಾನವಿಲ್ಲ. ಬಾವುಟ ಸೇರುವುದು ಅಣ್ಣನ ಮಗನಿಗೆ, ತಂಗಿಯ ಮೊಮ್ಮಗಳಿಗೆ, ಅಥವಾ ಸತ್ತವನ ಹೆಸರಿನ ಫಲಕಕ್ಕೆ ದಿನವೂ ಧೂಪ ಹಚ್ಚುವ ಮನೆಯವರಿಗೆ. ಆಸ್ತಿ ಹಂಚಿಕೆಯ ಕಾನೂನಿನಂತೆ ಹಿಸ್ಸೆ ಲೆಕ್ಕ ಹಾಕಿದರೆ ಇಪ್ಪತ್ತು ಮಂದಿ ಪಾಲುದಾರರು ಸಿಕ್ಕಾರು. ಶ್ರಾದ್ಧ ಮಾಡುವವರು ಯಾರೋ ಅವರಿಗೆ ಸಲ್ಲಲಿ ಎಂಬ ಹಳ್ಳಿಯ ನ್ಯಾಯವೇ ಇಲ್ಲಿ ಸರಿಯಾಗಿ ಕೆಲಸ ಮಾಡುತ್ತದೆ. ನೇರ ಕುಟುಂಬವೇ ಸಿಕ್ಕ ಅಪರೂಪದ ಸಂದರ್ಭವೂ ಉಂಟು: ಟೆಕ್ಸಾಸ್ ರಾಜ್ಯದ ಕಾರ್ಪಸ್ ಕ್ರಿಸ್ಟಿಯಲ್ಲಿ ಯುದ್ಧನೌಕೆಯೇ ವಸ್ತುಸಂಗ್ರಹಾಲಯವಾಗಿರುವ ಯುಎಸ್‌ಎಸ್ ಲೆಕ್ಸಿಂಗ್ಟನ್‌ನಲ್ಲಿ 1994ರಿಂದ ಪ್ರದರ್ಶನಕ್ಕಿದ್ದ ಬಾವುಟವೊಂದು 2023ರ ಜುಲೈನಲ್ಲಿ ಮರಳಿದಾಗ, ಸೈಪಾನಿನಲ್ಲಿ ಮಡಿದ ಆ ಸೈನಿಕನ ಪತ್ನಿ 102 ವರ್ಷದವರಾಗಿ ಬದುಕಿದ್ದರು.

ಆ ಹಸ್ತಾಂತರ ನಡೆದದ್ದು ಟೋಕಿಯೊದ ಯಾಸುಕುನಿ ದೇವಾಲಯದಲ್ಲಿ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಯುದ್ಧದಲ್ಲಿ ಮಡಿದವರ ಜೊತೆಗೆ, ‘ಎ’ ದರ್ಜೆಯ ಯುದ್ಧಾಪರಾಧಕ್ಕಾಗಿ ವಿಚಾರಣೆಗೊಳಗಾದ 14 ನಾಯಕರನ್ನೂ 1978ರಲ್ಲಿ ಅಲ್ಲಿ ಪೂಜೆಗೆ ಸೇರಿಸಿಕೊಂಡದ್ದರಿಂದ, ಚೀನಾ ಮತ್ತು ಕೊರಿಯಾಗಳ ಜನ ಆ ಜಾಗವನ್ನು ಕ್ಷೋಭೆಯಿಂದಲೇ ನೋಡುತ್ತಾರೆ. ಜಪಾನಿ ಸೇನೆಯ ಕ್ರೌರ್ಯವನ್ನು ಕಂಡ ನಾಡುಗಳಿಗೆ ಆ ಕೆಂಪು ಸೂರ್ಯನ ಬಟ್ಟೆ ಯಾರದೋ ಮಗನ ನೆನಪಾಗಿ ಕಾಣುವುದಿಲ್ಲ, ಕಾಣಬೇಕೆಂದು ಕೇಳುವುದೂ ನ್ಯಾಯವಲ್ಲ. ಬಾವುಟಗಳನ್ನು ಮರಳಿಸುವಾಗ ಇಂಥ ಸ್ಥಳಗಳನ್ನು ಬಿಟ್ಟು, ಹಿಗಾಶಿ ಶಿರಕಾವದಲ್ಲಿ ನಡೆದಂತೆ ಅವುಗಳನ್ನು ಊರಿಗೇ ಒಯ್ದು ಕೊಡುವುದು ಮೇಲು. ಸಹಿ ಹಾಕಿದವರು ಯುದ್ಧದ ನಿರ್ಧಾರ ತೆಗೆದುಕೊಂಡವರಲ್ಲ, ಬಾವುಟ ಹೊರಟದ್ದೂ ಆ ಊರಿನಿಂದಲೇ.

ಈ ಕಥೆಯ ಒಂದು ಎಳೆ ಭಾರತಕ್ಕೂ ಬರುತ್ತದೆ. 1944ರ ಮಾರ್ಚ್‌ನಿಂದ ಜುಲೈವರೆಗೆ ಇಂಫಾಲ್ ಮತ್ತು ಕೊಹಿಮಾಗಳಲ್ಲಿ ಜಪಾನಿ ಸೇನೆಯನ್ನು ತಡೆದು, ಮುಂದೆ ಬರ್ಮಾದಲ್ಲಿ ಅದನ್ನು ಹಿಮ್ಮೆಟ್ಟಿಸಿದ 14ನೆಯ ಸೇನೆಯಲ್ಲಿ ಹೆಚ್ಚಿನವರು ಭಾರತೀಯರೇ. ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ದಳದ ತುಕಡಿಗಳು ಅಲ್ಲಿದ್ದವು, ಮಡಿಕೇರಿಯ ಕೆ.ಎಸ್. ತಿಮ್ಮಯ್ಯ, ಮುಂದೆ ಭೂಸೇನೆಯ ಮುಖ್ಯಸ್ಥರಾದವರು, ಅರಾಕಾನಿನಲ್ಲಿ ಮೊದಲು ಪಟಾಲಮನ್ನೂ ಬಳಿಕ ಬ್ರಿಗೇಡನ್ನೂ ನಡೆಸಿದರು. ಇಂಫಾಲ್ ಬಳಿಯ ಮೈಬಮ್ ಲೋಟ್ಪಾ ಚಿಂಗ್ ಗುಡ್ಡದ ಬುಡದಲ್ಲಿ ಜಪಾನಿನ ನಿಪ್ಪೊನ್ ಪ್ರತಿಷ್ಠಾನದ ನೆರವಿನಿಂದ 2019ರ ಜೂನ್‌ನಲ್ಲಿ ತೆರೆದ ಶಾಂತಿ ವಸ್ತುಸಂಗ್ರಹಾಲಯ ಆ ಕದನದ ನೆನಪುಗಳನ್ನು ಕಾಪಿಟ್ಟಿದೆ. ಬರ್ಮಾದಿಂದ ಮರಳಿದ ಭಾರತೀಯ ಸೈನಿಕರ ಪೆಟ್ಟಿಗೆಗಳಲ್ಲಿಯೂ ಇಂಥ ಬಟ್ಟೆ ಬಂದಿರಬಹುದೆಂದು ಊಹಿಸಲು ಅಡ್ಡಿಯಿಲ್ಲ.

ಆದ್ದರಿಂದ ಕೊಡಗಿನಲ್ಲಾಗಲಿ, ಬೇರೆಲ್ಲಿಯಾಗಲಿ, ಹಳೆಯ ಸೈನಿಕರ ಮನೆಯ ಟ್ರಂಕಿನಲ್ಲಿ ಕೆಂಪು ವೃತ್ತದ ಸುತ್ತ ಕಪ್ಪು ಬರಹವಿರುವ ಬಟ್ಟೆ ಸಿಕ್ಕರೆ ಅದನ್ನು ಒಗೆಯಬಾರದು, ಇಸ್ತ್ರಿ ಮಾಡಬಾರದು, ಕಲೆ ತೆಗೆಯಲು ಹೋಗಬಾರದು. ಕೆಂಪು ಬಣ್ಣವೂ ಮುದ್ರೆಯ ಶಾಯಿಯೂ ನೀರಿಗೆ ಹರಡಿಹೋಗಬಹುದು. ಬಿಸಿಲಿಗೆ ಹಾಕದೆ, ಬಿಳಿಯ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಟ್ಟು, ಎರಡೂ ಬದಿಗಳ ಪ್ರತಿ ಅಕ್ಷರವೂ ಓದಲು ಬರುವಂತೆ ಛಾಯಾಚಿತ್ರ ತೆಗೆಯಬೇಕು. ಅದನ್ನು ತಂದವರು ಯಾವ ಪಟಾಲಮಿನಲ್ಲಿದ್ದರು, ಯಾವ ಊರಿನ ಬಳಿ ಸಿಕ್ಕಿತೆಂದು ಹೇಳುತ್ತಿದ್ದರು ಎಂಬುದು ಮನೆಯ ಹಿರಿಯರಿಗೆ ನೆನಪಿದ್ದರೆ ಇಂದೇ ಕೇಳಿ ಬರೆದಿಡಬೇಕು, ಮತ್ತು ಬಾವುಟ ಹೊರಡುವಾಗ ಆ ಬರಹವೂ ಅದರ ಜೊತೆಗೇ ಹೋಗಬೇಕು.